ರಾಶಿಯಾಗುವ ಮುನ್ನವೇ ಶುಲ್ಕ

ಪದವಿಪೂರ್ವ ದ್ವಿತೀಯ ವರ್ಷದ ಪರೀಕ್ಷೆಯು ಮಾರ್ಚ್ ತಿಂಗಳ ಸುಮಾರಿಗೆ. ಸರಕಾರದ ಸಾಮಾನ್ಯ ಪ್ರವೇಶ ಪರೀಕ್ಷೆಯು ಏಪ್ರಿಲಿನಲ್ಲಿ. ಸೀಟುಗಳ ಹಂಚಿಕೆಯಂತೂ ಮಳೆಗಾಲ ಹಿಡಿದ ಮೇಲೆ. ಇದು ನಮ್ಮ ವಾಚಕರೆಲ್ಲರೂ ಬಲ್ಲ ಕ್ರಮ. ಆದರೆ ಈಚಿನ ಕೆಲವು ವರ್ಷಗಳಿಂದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಹಲವು, ಚಳಿಗಾಲದಲ್ಲಿಯೇ ತಮ್ಮ ಸ್ವಂತ ಪರೀಕ್ಷೆ-ಸಂದರ್ಶನಗಳನ್ನು ಮುಗಿಸಿ, 'ಮುಂಗಡ ಪ್ರವೇಶ'ದ ಫಲಿತಾಂಶವನ್ನು ಪ್ರಕಟಿಸುವ ಪದ್ಧತಿಯನ್ನು ಹಿಡಿದಿವೆ. ಇಂಜಿನಿಯರಿಂಗ್ ವಿದ್ಯೆಯನ್ನೂ ವ್ಯಾಪಾರಾಡಳಿತವನ್ನೂ ಕೂಡಿಸಿ ಕಲಿಸುವ ಹೊಸ ತರಗತಿಗಳಿಗೂ ಈ ಆತುರವು ತಟ್ಟಿದೆ.

ಕಳೆದ ಡಿಸೆಂಬರಿನಲ್ಲಿ ಔರಾದ ತಾಲೂಕಿನ ರೈತರೊಬ್ಬರು ಇಂಥದೊಂದು ಪತ್ರವನ್ನು ಹಿಡಿದುಕೊಂಡು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಪತ್ರವು ಇಂಗ್ಲಿಷಿನಲ್ಲಿದ್ದಿತು. ಮಗನು ಆಯ್ಕೆಯಾಗಿರುವನೆಂದೂ ಹತ್ತು ದಿನಗಳೊಳಗಾಗಿ ಮೊದಲ ಕಂತನ್ನು ಕಟ್ಟದಿದ್ದರೆ ಸ್ಥಾನವು ಬೇರೊಬ್ಬರಿಗೆ ಹೋಗುವುದೆಂದೂ ಅದರ ತಾತ್ಪರ್ಯ. "ತೊಗರಿ ಇನ್ನಾ ಹೊಲದಾಗೇ ನಿಂತದ್ರಿ. ರೊಕ್ಕ ಕಟ್ಟಬೇಕೋ ಬ್ಯಾಡೋ, ನೀವೇ ಹೇಳ್ರಿ" ಎಂದು ಅವರು ಕೇಳಿದರು. ಒಡನೆ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಆ ಪ್ರಶ್ನೆಯು ಅವರೊಬ್ಬರದೇ ಅಲ್ಲವೆಂದು ತೋರಿದುದರಿಂದ ಈ ಲೇಖನ.

ಮೊದಲಿಗೆ ಆ ವಿದ್ಯೆಯ ವಿಷಯ. ಯಂತ್ರವನ್ನು ಬಲ್ಲವನಿಗೆ ಲೆಕ್ಕ ತಿಳಿಯದು, ಲೆಕ್ಕ ಬಲ್ಲವನಿಗೆ ಯಂತ್ರ ತಿಳಿಯದು ಎಂಬ ಕೊರತೆಯನ್ನು ನೀಗಿಸಲು ಹುಟ್ಟಿದ ಯೋಜನೆಯಿದು. ಅಮೆರಿಕೆಯ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು 1970ರ ದಶಕದಲ್ಲಿಯೇ ತನ್ನ ವಾರ್ಟನ್ ವಾಣಿಜ್ಯ ಶಾಲೆಯನ್ನೂ ಇಂಜಿನಿಯರಿಂಗ್ ಶಾಲೆಯನ್ನೂ ಜೋಡಿಸಿ, ಒಬ್ಬನೇ ವಿದ್ಯಾರ್ಥಿಗೆ ಎರಡು ಪದವಿಗಳನ್ನು ಕೊಡುವ ಏರ್ಪಾಡನ್ನು ಮಾಡಿತು. ಬರ್ಕ್ಲಿಯ ವಿಶ್ವವಿದ್ಯಾಲಯವು 2017ರಲ್ಲಿ ಅದೇ ಹಾದಿಯನ್ನು ಹಿಡಿಯಿತು. ನಮ್ಮ ದೇಶದಲ್ಲಿ ಟಾಟಾ ಕನ್ಸಲ್ಟೆನ್ಸಿ ಕಂಪನಿಯವರು ಪಠ್ಯಕ್ರಮವನ್ನು ರೂಪಿಸಿಕೊಟ್ಟ 'ಕಂಪ್ಯೂಟರ್ ಸೈನ್ಸ್ ಅಂಡ್ ಬಿಸಿನೆಸ್ ಸಿಸ್ಟಮ್ಸ್' ಎಂಬ ಶಾಖೆಯು 2018ರ ಸುಮಾರಿನಿಂದ ಕಾಲೇಜುಗಳಿಗೆ ಬಂದಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನ ಕಾಲೇಜುಗಳಲ್ಲಿ ಕೆಲವು ಅದನ್ನು ಕಲಿಸುತ್ತಲೂ ಇವೆ.

ಈ ವಿದ್ಯೆಯು ನಮ್ಮ ಜಿಲ್ಲೆಗೆ ಬೇಡವೆಂದು ಹೇಳುವವರು ನಮ್ಮ ಜಿಲ್ಲೆಯನ್ನು ಅರಿಯರು. ಹಳ್ಳಿಖೇಡದ ಬೀದರ ಸಹಕಾರ ಸಕ್ಕರೆ ಕಾರ್ಖಾನೆಯ ಕಥೆಯನ್ನೇ ನೋಡಬಹುದು. ಕಬ್ಬು ಇದ್ದಿತು, ಅರೆಯುವ ಯಂತ್ರವಿದ್ದಿತು, ಸದಸ್ಯ ರೈತರಿದ್ದರು. ಆದರೂ ಸಾಲವು ಬೆಳೆದು ಕಾರ್ಖಾನೆಯು ನಿಂತಿತು. ಗಾಣದ ಬಿಸಿಯನ್ನೂ ಬಡ್ಡಿಯ ಬಿಸಿಯನ್ನೂ ಒಟ್ಟಿಗೆ ಅಳೆಯಬಲ್ಲ ತರುಣರು ನಾಲ್ವರು ನಮ್ಮಲ್ಲಿಯೇ ತಯಾರಾಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದರಿಂದ ಈಗ ಪ್ರಯೋಜನವಿಲ್ಲ. ಆದರೆ ನಾರಂಜಾ ಕಾರ್ಖಾನೆಯುಂಟು, ಭಾಲ್ಕಿಯ ಮಹಾತ್ಮಾ ಗಾಂಧಿ ಕಾರ್ಖಾನೆಯುಂಟು, ಜಿಲ್ಲಾ ಸಹಕಾರ ಬ್ಯಾಂಕುಂಟು. ಆದುದರಿಂದ ನಮ್ಮ ಆಕ್ಷೇಪಣೆಯು ವಿದ್ಯೆಯ ಮೇಲಲ್ಲ, ಅದನ್ನು ಮಾರುವ ವೇಳೆಯ ಮೇಲೆ.

ಮುಂಗಡ ಪ್ರವೇಶವು ಅಮೆರಿಕೆಯಿಂದ ಬಂದ ಸರಕು. ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ 1ಕ್ಕೆ ಅರ್ಜಿ, ಡಿಸೆಂಬರ್ ಮಧ್ಯದಲ್ಲಿ ಫಲಿತಾಂಶ. ಆಯ್ಕೆಯಾದವನು ಮಿಕ್ಕ ಎಲ್ಲ ಕಡೆಯ ಅರ್ಜಿಗಳನ್ನೂ ಹಿಂದೆಗೆದುಕೊಂಡು ಅಲ್ಲಿಯೇ ಸೇರಲು ಬದ್ಧನು. ಇದರಿಂದ ಲಾಭ ಯಾರಿಗೆ? ಯಾವ ಕಾಲೇಜು ಎಷ್ಟು ಶುಲ್ಕ ಬಿಟ್ಟುಕೊಡುವುದು, ಎಲ್ಲಿ ವಿದ್ಯಾರ್ಥಿವೇತನ ಸಿಗುವುದು ಎಂದು ತುಲನೆ ಮಾಡಿ ನೋಡುವ ಅಗತ್ಯವೇ ಇಲ್ಲದ ಧನಿಕರಿಗೆ. ಈ ಕಾರಣವನ್ನೇ ಮುಂದಿಟ್ಟು ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು 2006ರಲ್ಲಿ ತಮ್ಮ ಮುಂಗಡ ಪ್ರವೇಶವನ್ನು ಕೈಬಿಡುವೆವೆಂದು ಸಾರಿದವು. ಮಿಕ್ಕವರಲ್ಲಿ ಹೆಚ್ಚಿನವರು ಅವರನ್ನು ಅನುಸರಿಸಲಿಲ್ಲ. 2011ರಲ್ಲಿ ಇವರೂ, ಕಟ್ಟುಪಾಡನ್ನು ಸಡಿಲಿಸಿ, ಹಿಂದಿನ ದಾರಿಗೇ ಮರಳಿದರು. ಸದುದ್ದೇಶವು ಸ್ಪರ್ಧೆಯೆದುರು ಐದು ವರ್ಷ ಬಾಳಿತೆಂಬುದೂ ಸಣ್ಣ ಮಾತಲ್ಲವೆನ್ನಿ.

ಹಾರ್ವರ್ಡಿನ ಬಡವರಿಗೆ ಅಡ್ಡಿಯಾದದ್ದು ಔರಾದಿನ ರೈತನಿಗೆ ಇಮ್ಮಡಿಯಾಗಿ ಅಡ್ಡಿಯಾಗುವುದು. ಏಕೆಂದರೆ ನಮ್ಮ ಮಕ್ಕಳಿಗೆ ಸಂವಿಧಾನವೇ ಒಂದು ಬಾಗಿಲನ್ನು ತೆರೆದಿಟ್ಟಿದೆ. 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯನ್ವಯ 2013ರಲ್ಲಿ ಹೊರಟ ಆಜ್ಞೆಯ ಪ್ರಕಾರ, ಆಗ ಹೈದರಾಬಾದ್ ಕರ್ನಾಟಕವೆನಿಸಿದ್ದು 2019ರಿಂದ ಕಲ್ಯಾಣ ಕರ್ನಾಟಕವೆನಿಸಿರುವ ಈ ಪ್ರಾಂತದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳು ಸ್ಥಳೀಯರಿಗೆ ಮೀಸಲು. ಈ ಬಾಗಿಲು ತೆರೆಯುವುದು ಪರೀಕ್ಷಾ ಪ್ರಾಧಿಕಾರದ ಹಂಚಿಕೆಯ ಕಾಲಕ್ಕೆ. ಆಡಳಿತ ಮಂಡಳಿಯವರು ತಾವೇ ತುಂಬಿಕೊಳ್ಳುವ ಡಿಸೆಂಬರಿನ ಸ್ಥಾನಗಳಿಗೆ ಅದರ ನೆರಳೂ ತಾಕದು. ಚಳಿಗಾಲದಲ್ಲಿ ಹಣ ಕಟ್ಟಿದ ತಂದೆಯು, ಮಳೆಗಾಲದಲ್ಲಿ ಮಗನಿಗೆ ಬೆಂಗಳೂರಿನಲ್ಲಿಯೋ ಕಲಬುರಗಿಯಲ್ಲಿಯೋ ಅಲ್ಪ ಶುಲ್ಕಕ್ಕೆ ಸಿಗಬಹುದಾದ ಸರಕಾರಿ ಸ್ಥಾನವನ್ನು, ಕಟ್ಟಿದ ಹಣ ಹೋದೀತೆಂಬ ಭಯದಿಂದಲೇ ಬಿಟ್ಟುಬಿಡುವನು. ಹಿರಿಯರು ಹೋರಾಡಿ ಪಡೆದ ಹಕ್ಕು ಹೀಗೆ ಸದ್ದಿಲ್ಲದೆ ಸೋರಿಹೋಗುವುದು.

ಹಾಗೆಂದು ಪ್ರಾಧಿಕಾರದ ಹಂಚಿಕೆಯೂ ನಿಷ್ಕಳಂಕವಲ್ಲ. ಸೀಟುಗಳನ್ನು ಆರಿಸಿಕೊಂಡು, ಸೇರದೆ, ಕಡೆಗೆ ಅವು ಆಡಳಿತ ಮಂಡಳಿಯವರಿಗೇ ಮರಳುವಂತೆ ಮಾಡುವ ಜಾಲದ ವಿಷಯವಾಗಿ 2024ರಲ್ಲಿ ಪ್ರಾಧಿಕಾರವೇ ಪೊಲೀಸರ ಮೊರೆಹೋಗಬೇಕಾಯಿತು. 2025ರ ಏಪ್ರಿಲಿನಲ್ಲಿ ಇದೇ ಬೀದರ ನಗರದಲ್ಲಿ ಜನಿವಾರದ ನೆವದಿಂದ ವಿದ್ಯಾರ್ಥಿಯೊಬ್ಬನು ಗಣಿತದ ಪರೀಕ್ಷೆಯನ್ನೇ ಕಳೆದುಕೊಂಡದ್ದು ರಾಜ್ಯಕ್ಕೆಲ್ಲ ತಿಳಿದ ಸಂಗತಿ. ಒಂದು ದಿನದ ಪರೀಕ್ಷೆಯ ಮೇಲೆ ಮಗನ ಭವಿಷ್ಯವನ್ನು ಪಣವಿಡಲು ಅಂಜಿ, ಕೈಯಲ್ಲಿರುವ ಪತ್ರವೇ ಲೇಸೆಂದು ತಂದೆ-ತಾಯಿಗಳು ಎಣಿಸಿದರೆ, ಅವರನ್ನು ಮೂಢರೆನ್ನಲು ನಮಗೆ ಬಾಯಿ ಬಾರದು. ಆದರೆ ಆ ಪತ್ರವನ್ನೇ ದೊಡ್ಡ ಫಲಕದ ಮೇಲೆ ಅಚ್ಚುಹಾಕಿಸಿ ಚೌರಸ್ತೆಯಲ್ಲಿ ತೂಗಹಾಕುವ ಉತ್ಸಾಹವನ್ನು ಮಾತ್ರ ನಮ್ಮ ಪಟ್ಟಣಿಗರು ಕೊಂಚ ತಡೆದುಕೊಳ್ಳಬಹುದು.

ಹಣದ ಭಯದ ವಿಷಯದಲ್ಲಿ ನಿಯಮಗಳು ಪ್ರಜೆಯ ಪಕ್ಷದಲ್ಲಿಯೇ ಇವೆ. ಅವು ಪ್ರಜೆಗೆ ತಿಳಿದಿಲ್ಲ, ಅಷ್ಟೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ಪ್ರಕಟಣೆಯಂತೆ, ಪ್ರವೇಶದ ಘೋಷಿತ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಹಿಂದೆಸರಿದವರಿಗೆ ಪೂರ್ಣ ಶುಲ್ಕವು ಮರಳತಕ್ಕದ್ದು. ಕಾರ್ಯವೆಚ್ಚವೆಂದು 5,000 ರೂಪಾಯಿಗಿಂತ ಹೆಚ್ಚು ಹಿಡಿಯಕೂಡದು. ಆ ಅವಧಿ ಮೀರಿದರೆ 90, ಕೊನೆಯ ದಿನ ಕಳೆದು 15 ದಿನಗಳೊಳಗಾದರೆ 80, 30 ದಿನಗಳೊಳಗಾದರೆ 50 ಪಾಲು. ಅನಂತರ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡು ವಿದ್ಯಾರ್ಥಿಯನ್ನು ಕಟ್ಟಿಹಾಕುವಂತಿಲ್ಲವೆಂದೂ ಅದೇ ಪ್ರಕಟಣೆಯು ಸ್ಪಷ್ಟಪಡಿಸಿದೆ. ನಮ್ಮ ಔರಾದಿನ ಮಿತ್ರರಿಗೆ ಬಂದ ಪತ್ರದಲ್ಲಿ ಇದರ ಪ್ರಸ್ತಾಪವಿರಲಿಲ್ಲ. "ಮರಳಿಸಲಾಗದು" ಎಂಬ ಮಾತು ಮಾತ್ರ ದಪ್ಪ ಅಕ್ಷರಗಳಲ್ಲಿದ್ದಿತು.

ಇನ್ನು ಭಾಷೆಯ ಮಾತು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಭಾಲ್ಕಿ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿಯಿತ್ತಾಗ, ರಾಜ್ಯದಲ್ಲಿ ಮುಂದೆ ಬಂದ ಬೆರಳೆಣಿಕೆಯ ಕಾಲೇಜುಗಳಲ್ಲಿ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಮಹಾವಿದ್ಯಾಲಯವೂ ಒಂದು. ಆದರೆ ಕನ್ನಡದಲ್ಲಿ ಕಲಿಯುವೆವೆಂದು ಮುಂದೆ ಬಂದ ವಿದ್ಯಾರ್ಥಿಗಳು ಅತಿ ವಿರಳ. ಮುಂದೆ ನೌಕರಿ ಎಲ್ಲಿ ಎಂಬ ಅವರ ಪ್ರಶ್ನೆಗೆ ಭಾಷಾಭಿಮಾನವೊಂದೇ ಉತ್ತರವಾಗಲಾರದು. ಸಂದರ್ಶನವೂ ಪ್ರಬಂಧವೂ ಇಂಗ್ಲಿಷಿನಲ್ಲಿಯೇ ನಡೆಯುವ ಮುಂಗಡ ಆಯ್ಕೆಯಲ್ಲಿ ಕಮಲನಗರದ ಕನ್ನಡ ಶಾಲೆಯ ಜಾಣ ಹುಡುಗಿಯು ಮೊದಲ ಸುತ್ತಿಗೇ ಹಿಂದುಳಿಯುವಳೆಂಬುದಂತೂ ನಿಶ್ಚಯ.

ಅಧಿಕಾರಿಗಳು ಈ ವರ್ಷವೇ ಮಾಡಬಹುದಾದ ಕೆಲಸಗಳುಂಟು. ಆಯೋಗದ ಶುಲ್ಕ ನಿಯಮವನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಜಿಲ್ಲೆಯ ಪ್ರತಿಯೊಂದು ಪದವಿಪೂರ್ವ ಕಾಲೇಜಿನ ಫಲಕಕ್ಕೂ ಹಚ್ಚಿಸಲು ಉಪನಿರ್ದೇಶಕರಿಗೆ ಒಂದು ವಾರ ಸಾಕು. 371(ಜೆ) ಅರ್ಹತಾ ಪತ್ರವನ್ನು ಪರೀಕ್ಷೆಯಾದ ಮೇಲಿನ ನೂಕುನುಗ್ಗಲಿನಲ್ಲಿ ಕೊಡುವ ಬದಲು, ಡಿಸೆಂಬರ್-ಜನವರಿಯಲ್ಲಿಯೇ ಶಿಬಿರ ಹೂಡಿ ಕೊಟ್ಟರೆ, ಖಾಸಗಿ ಪತ್ರವು ಬಂದ ದಿನ ತಂದೆಯ ಕೈಯಲ್ಲಿ ಸರಕಾರದ ಪತ್ರವೂ ಇರುವುದು. ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಮುಂಗಡಪತ್ರದಲ್ಲಿ 5,000 ಕೋಟಿ ರೂಪಾಯಿ ಘೋಷಿತವಾಗಿತ್ತು; ಬೀದರದ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜಿನಲ್ಲಿಯೋ ಭಾಲ್ಕಿಯಲ್ಲಿಯೋ ಇಂಥ ಜೋಡಿವಿದ್ಯೆಗೆ ಬೇಕಾದ ಪ್ರಯೋಗಶಾಲೆಗೂ ಅಧ್ಯಾಪಕರಿಗೂ ಅಂಥ ಹಣದ ಒಂದು ಸಣ್ಣ ತುಣುಕು ಸಲ್ಲಬಾರದೇಕೆಂದು ಮಂಡಳಿಯವರನ್ನು ನಾವು ಕೇಳುತ್ತೇವೆ.

ಔರಾದಿನ ರೈತರಿಗೆ ನಾವು ಕೊನೆಗೆ ಹೇಳಿದ್ದಿಷ್ಟು: ಆ ಸಂಸ್ಥೆಗೆ ಒಂದು ಪತ್ರ ಬರೆದು, ಪ್ರವೇಶದ ಘೋಷಿತ ಕೊನೆಯ ದಿನಾಂಕವಾವುದು, ಆಯೋಗದ ಶುಲ್ಕ ನಿಯಮವು ನಿಮಗೆ ಅನ್ವಯವೇ ಎಂದು ಕೇಳಿರಿ, ಉತ್ತರ ಬರುವ ತನಕ ಹಣ ಕಟ್ಟಬೇಡಿರಿ. ಪತ್ರವನ್ನು ನಮ್ಮ ಕಾರ್ಯಾಲಯದಲ್ಲಿಯೇ ಬರೆದುಕೊಟ್ಟೆವು. ಹತ್ತು ದಿನಗಳ ಗಡುವು ಕಳೆಯಿತು, ಉತ್ತರ ಬರಲಿಲ್ಲ. ತೊಗರಿಯು ರಾಶಿಯಾಗುವ ಹೊತ್ತಿಗೆ ಅದೇ ಸಂಸ್ಥೆಯಿಂದ, ಗಡುವನ್ನು ಒಂದು ತಿಂಗಳು ಮುಂದುವರಿಸಲಾಗಿದೆಯೆಂದು ಎರಡನೆಯ ಪತ್ರ ಬಂದಿತು.