ಹಳೆಯ ವಿಮಾನ, ತೀರದ ಹೊಣೆ

ಹೊಸ ವಿಮಾನವೊಂದು ಮೊದಲ ಸಲ ಆಕಾಶಕ್ಕೇರಿದ ದಿನ ದೇಶವೆಲ್ಲವೂ ಹರ್ಷಿಸುವುದು ಸಹಜವೇ ಆಗಿದೆ. ಆದರೆ ಅದೇ ವಿಮಾನವು ಕೆಲವು ದಶಕಗಳ ತರುವಾಯ ಅಂಗೈಯಗಲದ ಬಿಡಿಭಾಗವೊಂದು ದೊರೆಯದೆ ಹ್ಯಾಂಗರಿನ ಮೂಲೆಯಲ್ಲಿ ನಿಂತಾಗ ವಿಚಾರಿಸುವವರು ವಿರಳ. ನಿರ್ಮಿಸುವ ಉತ್ಸಾಹವುಳ್ಳವರು ಉಳಿಸಿಕೊಳ್ಳುವ ಹೊಣೆಯನ್ನೂ ಹೊರಬೇಕಲ್ಲವೆ?

ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಯ ‘ಪುಷ್ಪಕ’ವನ್ನೇ ನೋಡೋಣ. 1958ರಲ್ಲಿ ಮೊದಲು ಹಾರಿದ, ಇಬ್ಬರು ಕೂಡಬಹುದಾದ ಈ ಪುಟ್ಟ ವಿಮಾನವು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ಸರಳ ಯಂತ್ರ. ಸುಮಾರು 160 ಪುಷ್ಪಕಗಳು ತಯಾರಾಗಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ತರುಣರಿಗೆ ಹಾರುವ ವಿದ್ಯೆಯನ್ನು ಕಲಿಸಿದವು. ಅದರ 90 ಅಶ್ವಶಕ್ತಿಯ ಎಂಜಿನು ಅಮೆರಿಕೆಯ ಕಾಂಟಿನೆಂಟಲ್ ಕಂಪನಿಯದು. ವಿಚಿತ್ರವೆಂದರೆ, ಸಹಸ್ರ ಸಂಖ್ಯೆಯಲ್ಲಿ ತಯಾರಾದ ಆ ಪರದೇಶದ ಎಂಜಿನಿನ ಭಾಗಗಳನ್ನು ಹುಡುಕಿ ತರಿಸುವುದಕ್ಕಿಂತ, ಕೆಲವೇ ಸಂಖ್ಯೆಯಲ್ಲಿ ನಮ್ಮ ಊರಿನಲ್ಲಿಯೇ ತಯಾರಾದ ದೇಹದ ಭಾಗಗಳನ್ನು ಪಡೆಯುವುದೇ ಕಠಿನ. ಉತ್ಪಾದನೆಯು ನಿಂತೊಡನೆ ಅಚ್ಚುಗಳೂ ನಕ್ಷೆಗಳೂ ಮರೆಗೆ ಸರಿಯುವುದೇ ಇದರ ಕಾರಣ.

ಭಾಗವನ್ನು ಹುಡುಕುವ ಮುನ್ನ ದೋಷವನ್ನು ಅರಿಯುವುದು ಅವಶ್ಯ. ಇಂಥ ಎಂಜಿನಿನಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೋಗಳು ಎರಡಿರುತ್ತವೆ. ಹಾರುವ ಮೊದಲು ಒಂದೊಂದನ್ನೇ ನಿಲ್ಲಿಸಿ ಎಂಜಿನಿನ ವೇಗ ಎಷ್ಟು ಕುಗ್ಗುವುದೆಂದು ಪರೀಕ್ಷಿಸುತ್ತಾರೆ. ಮಿತಿಮೀರಿ ಕುಗ್ಗಿದರೆ ಮ್ಯಾಗ್ನೆಟೋ ಕೆಟ್ಟಿತೆಂದು ಒಮ್ಮೆಲೆ ಹೇಳಲಾಗದು. ಮಸಿ ಹಿಡಿದ ಸ್ಪಾರ್ಕ್ ಪ್ಲಗ್ಗು, ಸವೆದ ತಂತಿ, ಇವೂ ಕಾರಣವಾಗಿರಬಹುದು. ಪ್ಲಗ್ಗನ್ನು ಶುಚಿಮಾಡಿದರೆ ತೀರುವ ಕೆಲಸಕ್ಕೆ ಹೊಸ ಮ್ಯಾಗ್ನೆಟೋ ತರಿಸುವುದು ರೋಗವನ್ನರಿಯದೆ ಔಷಧ ಕೊಟ್ಟಂತೆಯೇ ಸರಿ.

ನಿಜವಾಗಿಯೂ ಭಾಗವೇ ಬೇಕಾದಾಗ ಮಾತ್ರ ಅಪಾಯದ ದಾರಿಯೊಂದು ತೆರೆಯುತ್ತದೆ. ಅಸಲು ದೊರೆಯದಲ್ಲಿ ನಕಲಿಗೆ ಗಿರಾಕಿಗಳು ಹುಟ್ಟುತ್ತಾರೆ. 1989ರಲ್ಲಿ ನಾರ್ವೆಯಿಂದ ಜರ್ಮನಿಗೆ ಹೊರಟಿದ್ದ, 36 ವರ್ಷ ಹಳೆಯದಾದ ಕಾನ್ವೇರ್ ವಿಮಾನವೊಂದು ಡೆನ್ಮಾರ್ಕಿನ ಬಳಿ ಸಮುದ್ರಕ್ಕೆ ಬಿದ್ದು 55 ಜನರು ಅಸುನೀಗಿದರು. ಬಾಲದ ರೆಕ್ಕೆಯನ್ನು ಹಿಡಿದಿದ್ದ ನಕಲಿ ಬೋಲ್ಟುಗಳು ಸವೆದಿದ್ದುವೆಂದು ತನಿಖೆಯಿಂದ ಹೊರಬಿತ್ತು. ವಿಮಾನದ ಭಾಗವೆಂದರೆ ಬರಿಯ ಲೋಹವಲ್ಲ. ಅದು ಎಲ್ಲಿ, ಯಾವ ನಕ್ಷೆಯಂತೆ ತಯಾರಾಯಿತೆಂಬ ದಾಖಲೆಯೂ ಅದರ ಅಂಗವೇ.

ಹಾಗೆಂದು ಹಳೆಯ ವಿಮಾನಗಳನ್ನೆಲ್ಲ ಗುಜರಿಗೆ ಹಾಕಬೇಕಿಲ್ಲ. ಅಮೆರಿಕೆಯಲ್ಲಿ ಮಾಲಿಕನು ತನ್ನ ವಿಮಾನಕ್ಕೆ ಬೇಕಾದ ಭಾಗವನ್ನು, ಅಂಗೀಕೃತ ವಿನ್ಯಾಸಕ್ಕೆ ಸರಿಹೊಂದುವಂತೆ, ತನ್ನ ಹೊಣೆಯ ಮೇಲೆ ಮಾಡಿಸಿಕೊಳ್ಳಲು ನಿಯಮವೇ ಅವಕಾಶವಿತ್ತಿದೆ, ಮಾರುವುದಕ್ಕಾಗಿ ಮಾಡಿಸುವಂತಿಲ್ಲ. ನಮ್ಮಲ್ಲಿಯೂ ವಿಮಾನವೊಂದರ ಉತ್ಪಾದನೆಯನ್ನು ನಿಲ್ಲಿಸುವ ಸಂಸ್ಥೆಯು ಅದರ ನಕ್ಷೆಗಳನ್ನು ಬೀರುವಿನಲ್ಲಿ ಬೀಗ ಹಾಕಿಡದೆ, ನಾಗರಿಕ ವಿಮಾನಯಾನ ಇಲಾಖೆಯ ಮೇಲ್ವಿಚಾರಣೆಯಲ್ಲಿ ಲೈಸೆನ್ಸ್ ಪಡೆದ ಕಾರ್ಖಾನೆಗಳಿಗೆ ಒದಗಿಸತಕ್ಕದ್ದು.

ಇದು ಕೇವಲ ಗತಕಾಲದ ಮಾತಲ್ಲ. 1993ರಲ್ಲಿ ಬೆಂಗಳೂರಿನಲ್ಲಿಯೇ ಮೊದಲು ಹಾರಿದ ‘ಹಂಸ’ವೂ ಒಂದು ದಿನ ಹಳತಾಗುವುದು. ಪುಷ್ಪಕದಿಂದ ಪಾಠ ಕಲಿಯದಿದ್ದರೆ ಹಂಸಕ್ಕೂ ಅದೇ ಗತಿ ಕಾದಿದೆ. ಸ್ವದೇಶಿ ಯಂತ್ರವೆಂಬ ಹೆಮ್ಮೆಯು ಅದರ ಕೊನೆಯ ಬೋಲ್ಟನ್ನೂ ನಾವೇ ಒದಗಿಸಬಲ್ಲೆವೆಂದಾಗ ಮಾತ್ರ ಸಾರ್ಥಕ.