ಕಂಡದ್ದೂ ಕಲ್ಪಿಸಿದ್ದೂ

ಅಜ್ಞಾತ ಕೊಲೆಗಾರನೊಬ್ಬನನ್ನು ಪೋಲೀಸರು ಹುಡುಕುತ್ತಿರುವಾಗ ಊರಿಗೆ ಊರೇ ಪತ್ತೇದಾರನಾಗುವುದುಂಟು. ಅದರಿಂದೊದಗುವ ಹಾನಿಗೆ ೨೦೦೨ರ ಅಕ್ಟೋಬರದಲ್ಲಿ ಅಮೇರಿಕೆಯ ರಾಜಧಾನಿ ವಾಷಿಂಗ್ಟನ್ನಿನ ಸುತ್ತಮುತ್ತ ನಡೆದ ಪ್ರಕರಣವೇ ಸಾಕ್ಷಿ. ಮೂರು ವಾರಗಳಲ್ಲಿ, ಮರೆಯಿಂದ ಹಾರಿದ ಗುಂಡುಗಳಿಗೆ ಹತ್ತು ಜನ ಬಲಿಯಾದರು, ಮೂವರು ಗಾಯಗೊಂಡರು.

ಬಿಳಿಯ ವ್ಯಾನೊಂದನ್ನು ಕಂಡೆವೆಂದು ಕೆಲವರು ನುಡಿದದ್ದೇ ತಡ, ಬಿಳಿಯ ಬಂಡಿಗಳೆಲ್ಲವೂ ಸಂಶಯಕ್ಕೆ ಗುರಿಯಾದವು. ಕೊಲೆಗಾರನು ಒಂಟಿಗನು, ಬಿಳಿಯನು ಎಂದು ದೂರದರ್ಶನದ ಪಂಡಿತರು ತರ್ಕಿಸಿದರು. ಕಟ್ಟಕಡೆಗೆ ಸಿಕ್ಕವರು ಇಬ್ಬರು, ಇಬ್ಬರೂ ಬಿಳಿಯರಲ್ಲ, ಅವರ ವಾಹನವು ನೀಲಿ ಬಣ್ಣದ ಹಳೆಯ ಮೋಟಾರು. ಅಕ್ಟೋಬರ ೮ರಂದೇ ಬಾಲ್ಟಿಮೋರಿನ ಪೋಲೀಸನೊಬ್ಬನು ಆ ಮೋಟಾರಿನಲ್ಲಿ ಮಲಗಿದ್ದವನನ್ನು ಎಬ್ಬಿಸಿ, ವಿಚಾರಿಸಿ, ಬಿಟ್ಟುಬಿಟ್ಟಿದ್ದನು! ಆ ಬಳಿಕ ಇನ್ನೂ ನಾಲ್ವರ ಪ್ರಾಣಗಳು ಹೋದವು. ಎಲ್ಲರ ಕಣ್ಣೂ ಬಿಳಿಯ ಬಂಡಿಯ ಮೇಲಿರುವಾಗ ನೀಲಿಯದನ್ನು ನೋಡುವವರಾರು?

ಸಾರ್ವಜನಿಕರು ಸುಮ್ಮನಿರಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಮೋಟಾರಿನ ನಿಜವಾದ ಗುರುತು ಪ್ರಕಟವಾದ ಕೆಲವೇ ತಾಸುಗಳಲ್ಲಿ, ಹೆದ್ದಾರಿಯ ತಂಗುದಾಣದಲ್ಲಿ ಅದನ್ನು ಕಂಡು ಪೋಲೀಸರಿಗೆ ತಿಳಿಸಿದವರು ಸಾಮಾನ್ಯ ಪ್ರಯಾಣಿಕರೇ. ಅಕ್ಟೋಬರ ೨೪ರ ನಸುಕಿನಲ್ಲಿ ಆರೋಪಿಗಳಿಬ್ಬರೂ ನಿದ್ದೆಯಲ್ಲಿಯೇ ಸೆರೆಯಾದರು. ಜನರ ಕಣ್ಣು ಅಲ್ಲಿ ಕೆಲಸ ಮಾಡಿತು, ಜನರ ಕಲ್ಪನೆಯಲ್ಲ.

ನ್ಯಾಯಾಲಯದಲ್ಲಿ ಸಾಕ್ಷಿಯನ್ನು 'ನೀನು ಕಂಡದ್ದೇನು?' ಎಂದು ಕೇಳುವರೇ ಹೊರತು 'ನಿನಗೆ ತೋಚಿದ್ದೇನು?' ಎಂದು ಕೇಳುವುದಿಲ್ಲ. ಚಾವಡಿಯಲ್ಲಿ ಹರಟುವ ಸುಶಿಕ್ಷಿತರೂ, ಸುದ್ದಿಯನ್ನು ಅಚ್ಚುಮಾಡುವ ನಾವೂ ಈ ಕಟ್ಟಳೆಯನ್ನು ಪಾಲಿಸಬೇಕು. ಕಂಡದ್ದನ್ನು ಅಧಿಕಾರಿಗಳಿಗೆ ತಿಳಿಸುವುದು ನಾಗರಿಕನ ಧರ್ಮ. ಕಾಣದ್ದನ್ನು ಊರಿಗೆಲ್ಲ ಸಾರುವುದು ಅಪರಾಧಿಗೆ ಮರೆಯೊದಗಿಸಿದಂತೆ.