ರೂಸ್‌ವೆಲ್ಟ್ ಯಾರ ಮಾತು ಕೇಳಿದರು?

ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಹೊಗಳುವವರೂ ತೆಗಳುವವರೂ ಒಂದು ಮಾತನ್ನು ಒಪ್ಪುತ್ತಾರೆ: 1933ರಿಂದ 1945ರವರೆಗೆ ಅಮೆರಿಕದಲ್ಲಿ ನಡೆದದ್ದಕ್ಕೆಲ್ಲ ಅಧ್ಯಕ್ಷರಾಗಿದ್ದ ಅವರೇ ಕರ್ತೃ. ನನ್ನ ತಕರಾರು ಇರುವುದು ಅಲ್ಲೇ.

ಬ್ಯಾಂಕುಗಳ ವಿಷಯವನ್ನೇ ನೋಡಿ. 1933ರ ಮಾರ್ಚ್ 4ರಂದು ಅವರು ಅಧಿಕಾರಕ್ಕೆ ಬಂದಾಗ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಠೇವಣಿದಾರರು ಗಾಬರಿಯಿಂದ ಬ್ಯಾಂಕುಗಳಿಗೆ ಮುಗಿಬಿದ್ದಿದ್ದರು. ಎರಡೇ ದಿನದಲ್ಲಿ ರೂಸ್‌ವೆಲ್ಟ್ ದೇಶದ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿದರು. 12ರ ರಾತ್ರಿ ರೇಡಿಯೊದಲ್ಲಿ, ಬ್ಯಾಂಕಿಗೆ ಕಟ್ಟಿದ ಹಣ ಏನಾಗುತ್ತದೆ ಎಂಬುದನ್ನು ಮೇಷ್ಟರ ತಾಳ್ಮೆಯಿಂದ ವಿವರಿಸಿದರು. ಮರುದಿನದಿಂದ ಬ್ಯಾಂಕುಗಳು ಬಾಗಿಲು ತೆರೆದಂತೆ ಜನ ದುಡ್ಡು ವಾಪಸು ತಂದು ಕಟ್ಟಿದರು. ಜನರಲ್ಲಿ ಈ ನಂಬಿಕೆ ಮೂಡಿಸಿದ್ದು ಅವರದೇ ಸಾಧನೆ. ಆದರೆ ಆ ನಂಬಿಕೆಯನ್ನು ಕಾಯಂಗೊಳಿಸಿದ ಠೇವಣಿ ವಿಮೆ ಅವರಿಗೆ ಬೇಡವಾಗಿತ್ತು. ಕೆಟ್ಟ ಬ್ಯಾಂಕುಗಳ ಹೊರೆ ಒಳ್ಳೆಯ ಬ್ಯಾಂಕುಗಳ ತಲೆಗೆ ಬರುತ್ತದೆಂಬುದು ಅವರ ಆಕ್ಷೇಪ. ಹೆನ್ರಿ ಸ್ಟೀಗಲ್ ಅವರಂಥ ಶಾಸಕರು ಪಟ್ಟು ಬಿಡದಿದ್ದರಿಂದ ಅದು ಕಾನೂನಾಯಿತು. ಕಾರ್ಮಿಕ ಸಂಘಗಳಿಗೆ ಬಲ ತಂದ 1935ರ ಕಾಯ್ದೆಯೂ ಸೆನೆಟರ್ ರಾಬರ್ಟ್ ವ್ಯಾಗ್ನರ್ ಅವರ ಕೂಸು. ಅಧ್ಯಕ್ಷರು ಅದರ ಬೆನ್ನಿಗೆ ನಿಂತದ್ದು ತೀರಾ ತಡವಾಗಿ.

ಹಾಗಾದರೆ ರೂಸ್‌ವೆಲ್ಟ್ ಅವರ ಪಾಲೇನು? ಒತ್ತಾಯಕ್ಕೆ ಮಣಿಯುವ ಗುಣ, ಮಣಿದ ಮೇಲೆ ಕೆಲಸವನ್ನು ದಡ ಮುಟ್ಟಿಸುವ ಸಾಮರ್ಥ್ಯ. ಇದೇನು ಸಣ್ಣದಲ್ಲ. 1932ರಲ್ಲಿ ಬೋನಸ್ ಕೇಳಲು ಬಂದ ಮಾಜಿ ಸೈನಿಕರನ್ನು ಅವರ ಹಿಂದಿನ ಅಧ್ಯಕ್ಷ ಹೂವರ್ ಅವರ ಆಡಳಿತ ಸೇನೆ ಬಿಟ್ಟು ಓಡಿಸಿತ್ತು. ಆದರೆ ಮಣಿಸುವ ಶಕ್ತಿ ಎಲ್ಲರಿಗೂ ಸಮನಾಗಿರಲಿಲ್ಲ. ವೃದ್ಧರಿಗೆ ತಿಂಗಳಿಗೆ 200 ಡಾಲರ್ ಕೊಡಿ ಎಂದು ಟೌನ್‌ಸೆಂಡ್ ಚಳವಳಿ ದೇಶವನ್ನೇ ಎಬ್ಬಿಸಿತು. ಅಷ್ಟು ಸಿಗದಿದ್ದರೂ ಸಾಮಾಜಿಕ ಭದ್ರತಾ ಕಾಯ್ದೆ ಬಂತು. ಆದರೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಅದು ಹೊರಗಿಟ್ಟಿತು. ದಕ್ಷಿಣದ ಕಪ್ಪು ಜನರಲ್ಲಿ ಬಹಳಷ್ಟು ಮಂದಿ ಅದೇ ಕೆಲಸಗಳಲ್ಲಿದ್ದರು, ಅವರಲ್ಲಿ ಹೆಚ್ಚಿನವರಿಗೆ ಮತ ಹಾಕಲೂ ಬಿಡುತ್ತಿರಲಿಲ್ಲ. ದಕ್ಷಿಣದ ಸೆನೆಟರುಗಳು ಮುನಿದಾರೆಂದು ಗುಂಪುಹತ್ಯೆ ವಿರೋಧಿ ಮಸೂದೆಗೂ ರೂಸ್‌ವೆಲ್ಟ್ ಹೆಗಲು ಕೊಡಲಿಲ್ಲ.

ಯುದ್ಧಕಾಲದ ಎರಡು ಆದೇಶಗಳನ್ನು ಒಟ್ಟಿಗೆ ಓದಬೇಕು. ವಾಷಿಂಗ್ಟನ್ನಿಗೆ ಸಾವಿರಾರು ಕಪ್ಪು ಜನರ ಮೆರವಣಿಗೆ ತರುತ್ತೇನೆಂದು ಕಾರ್ಮಿಕ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ಹಟ ಹಿಡಿದಾಗ, 1941ರ ಜೂನ್‌ನಲ್ಲಿ ರಕ್ಷಣಾ ಕಾರ್ಖಾನೆಗಳ ಕೆಲಸದಲ್ಲಿ ವರ್ಣಭೇದ ನಿಷೇಧಿಸುವ ಆದೇಶ ಹೊರಬಿತ್ತು. 1942ರ ಫೆಬ್ರುವರಿ 19ರಂದು ಅದೇ ಕೈ 9066ನೇ ಆದೇಶಕ್ಕೆ ಸಹಿ ಹಾಕಿತು. ಅದರಿಂದಾಗಿ ಸುಮಾರು 1,20,000 ಜಪಾನಿ ಮೂಲದವರು ಮುಳ್ಳುತಂತಿಯ ಶಿಬಿರ ಸೇರಿದರು. ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ.

ಯುದ್ಧದ ಭೀತಿಯೇ ಇದಕ್ಕೆ ಕಾರಣ ಎನ್ನುವವರು ಹವಾಯಿಯನ್ನು ನೋಡಲಿ. ಜಪಾನಿನ ಬಾಂಬು ಬಿದ್ದದ್ದು ಅಲ್ಲಿ. ಆದರೂ ಅಲ್ಲಿ ಸಾಮೂಹಿಕ ಬಂಧನ ನಡೆಯಲಿಲ್ಲ. ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೂ ಹೆಚ್ಚಿದ್ದ ಜಪಾನಿ ಮೂಲದವರನ್ನು ಹಿಡಿದು ಕೂಡಿಹಾಕಿದರೆ ದ್ವೀಪಗಳ ದುಡಿಮೆಯೇ ನಿಂತುಹೋಗುತ್ತಿತ್ತು. ಪಶ್ಚಿಮ ಕರಾವಳಿಯಲ್ಲಿ ಅವರು ಬೆರಳೆಣಿಕೆಯಷ್ಟು, ಮೇಲಾಗಿ ಅವರ ಜಮೀನಿನ ಮೇಲೆ ಅಕ್ಕಪಕ್ಕದವರ ಕಣ್ಣು.

ಅಮೆರಿಕದಲ್ಲಿ ಮತವೇ ಇಲ್ಲದ ಭಾರತದ ಅನುಭವವೂ ಇಂಥದ್ದೇ. ತಮ್ಮ ಸರ್ಕಾರವನ್ನು ಆರಿಸಿಕೊಳ್ಳುವ ಹಕ್ಕು ಜನರಿಗಿದೆ ಎಂದ ಅಟ್ಲಾಂಟಿಕ್ ಸನ್ನದು ಇಡೀ ಜಗತ್ತಿಗೆ ಸೇರಿದ್ದು ಎಂದು ರೂಸ್‌ವೆಲ್ಟ್ ಹೇಳಿದರು, ತಮ್ಮ ಪ್ರತಿನಿಧಿಯಾಗಿ ಲೂಯಿ ಜಾನ್ಸನ್ ಅವರನ್ನು ದೆಹಲಿಗೆ ಕಳಿಸಿದರು. 1942ರ ಆಗಸ್ಟ್‌ನಲ್ಲಿ ಗಾಂಧಿಯವರ ಬಂಧನವಾದಾಗ ಮಾತ್ರ ಚರ್ಚಿಲ್ಲರನ್ನು ಎದುರು ಹಾಕಿಕೊಳ್ಳಲಿಲ್ಲ.

ಜಪಾನಿ ಅಮೆರಿಕನ್ನರಿಗೆ ಸರ್ಕಾರ ಕ್ಷಮೆ ಕೇಳಿ, ಬಂಧಿತರಾಗಿದ್ದು ಇನ್ನೂ ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡಲು ಒಪ್ಪಿದ್ದು 1988ರಲ್ಲಿ. ಅಷ್ಟರಲ್ಲಿ ಅವರಿಗೂ ಮಣಿಸುವ ಶಕ್ತಿ ಬಂದಿತ್ತು: ಜಪಾನಿ ಮೂಲದವರೇ ಆದ ಹವಾಯಿಯ ಡೇನಿಯಲ್ ಇನೊಯೆ ಸೆನೆಟ್‌ನಲ್ಲಿದ್ದರು; ಬಾಲ್ಯದಲ್ಲಿ ಶಿಬಿರ ಕಂಡಿದ್ದ ನಾರ್ಮನ್ ಮಿನೆಟಾ ಕೆಳಮನೆಯಲ್ಲಿದ್ದರು.